ಪುಟದಡಿಯ ಎರಡು ಸಾಲು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಬಿಟ್ಟು ಎರಡು ವರ್ಷವಾಯಿತು. ಅದಕ್ಕೆ ಮುಂಚೆಯೂ ನನ್ನ ನೋಟ್‌ಬುಕ್ ತೆರೆದರೆ ಟೀಚರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಮಾತೂ ಅಷ್ಟೇ, ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಆದರೆ ಅತ್ತೆಯ ವಿಷಯವನ್ನು ಪೇಟೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಒಂದು ಕಡೆ ಬರೆದಿಡೋಣ ಅನ್ನಿಸಿತು. ಸಭೆಯಲ್ಲಿ ನಾನಿರಲಿಲ್ಲ. ಅಲ್ಲಿ ನಡೆದದ್ದನ್ನು ಅತ್ತೆಯಿಂದ, ಅಪ್ಪನಿಂದ, ಹಾಸಿಗೆ ಅಂಗಡಿಯ ಆಂಟಿಯಿಂದ ಬೇರೆ ಬೇರೆಯಾಗಿ ಕೇಳಿ, ಮೂವರ ಮಾತೂ ಕೂಡಿದ್ದನ್ನು ಬರೆದಿದ್ದೇನೆ. ಕೂಡದ ಕಡೆ ಹಾಗಂತ ಹೇಳಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅತ್ತೆ ಅಂದರೆ ಅಪ್ಪನ ಅಕ್ಕ. ವಯಸ್ಸು ನಲವತ್ತಾರು. ಕುಳ್ಳಗಿದ್ದಾಳೆ, ನಡೆಯುವಾಗ ಯಾರೋ ಹಿಂದಿನಿಂದ ಕರೆದ ಹಾಗೆ ಕತ್ತು ಸ್ವಲ್ಪ ವಾಲಿಸಿಕೊಂಡು ನಡೆಯುತ್ತಾಳೆ. ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಅವಳದೊಂದು ಕೋಣೆ. ಹದಿನೇಳು ಮೆಟ್ಟಿಲು ಹತ್ತಬೇಕು, ಒಂಬತ್ತನೆಯದು ಅಲ್ಲಾಡುತ್ತದೆ. ಒಳಗೆ ಒಂದು ಕಿಟಕಿ, ಎರಡು ಮೇಜು, ಒಂದು ಕಂಪ್ಯೂಟರ್, ಕಡಕ್ ಕಡಕ್ ಎನ್ನುವ ಫ್ಯಾನು. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬೆಳಗಿನಿಂದ ಸಂಜೆಯವರೆಗೂ ನೆಲದಿಂದ ಬರುತ್ತಿರುತ್ತದೆ. ಅಲ್ಲಿ ಕೂತು ಅವಳು ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ.

ಮಾಡಿಕೊಡುತ್ತಾಳೆ ಅಂದೆ, ಅದನ್ನು ಕೇಳಿದರೆ ಅತ್ತೆ ಒಪ್ಪುವುದಿಲ್ಲ. "ಮಾಡೋದಲ್ಲ, ಬದಲಾಯ್ಸೋದು" ಅನ್ನುತ್ತಾಳೆ. ಇಂಟರ್‌ನೆಟ್ಟಿನಲ್ಲಿ ಪುಟಗಳ ವಿನ್ಯಾಸ ಮಾಡಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಇಟ್ಟುಬಿಡುವ ಪುಣ್ಯಾತ್ಮರು ಇದ್ದಾರಂತೆ. ತಗೊಳ್ಳಿ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ, ನನ್ನ ಹೆಸರು ಮಾತ್ರ ಅಡಿಯಲ್ಲಿ ಇರಲಿ ಎಂದು ಒಂದೇ ಷರತ್ತು. ಅತ್ತೆ ಅಂಥ ಒಂದನ್ನು ಆರಿಸುತ್ತಾಳೆ. ಬಣ್ಣ ಬದಲಾಯಿಸುತ್ತಾಳೆ, ಅಗಲವನ್ನು ಹಿಗ್ಗಿಸಿ ಕುಗ್ಗಿಸುತ್ತಾಳೆ. ಸಾಲುಗಳ ನಡುವೆ ಜಾಗ ಹೆಚ್ಚಿಸುವುದೇ ದೊಡ್ಡ ಕೆಲಸ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು ನೇತಾಡುತ್ತದಲ್ಲ, ಬೇರೆ ಲಿಪಿಗೆಂದು ಮಾಡಿದ ಪುಟದಲ್ಲಿ ಕೂರಿಸಿದರೆ ಆ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಅವನ್ನೆಲ್ಲ ಒಂದೊಂದಾಗಿ ನೋಡಿ ಸರಿ ಮಾಡುತ್ತಾಳೆ. ಕೊನೆಗೆ ಪುಟದ ಅಡಿಯಲ್ಲಿ ಎರಡು ಸಾಲು ಬರೆಯುತ್ತಾಳೆ. ಮೂಲ ವಿನ್ಯಾಸ ಯಾರದು ಎಂದು ಒಂದು ಸಾಲು. ತಾನು ಏನೇನು ಬದಲಾಯಿಸಿದೆ, ಅದರಲ್ಲಿ ತಪ್ಪಿದ್ದರೆ ಯಾರಿಗೆ ಹೇಳಬೇಕು ಎಂದು ಇನ್ನೊಂದು ಸಾಲು. ಈ ಎರಡು ಸಾಲಿನ ದೆಸೆಯಿಂದ ಅಪ್ಪ ಅವಳಿಗೆ "ಅಡಿಸಾಲಮ್ಮ" ಎಂದು ಹೆಸರಿಟ್ಟಿದ್ದಾನೆ.

ಅವಳಿಗೆ ಯಾರೋ ಹಿಂದೆ ಮೋಸ ಮಾಡಿರಬೇಕು, ಅದಕ್ಕೇ ಹೀಗೆ ಪಟ್ಟು ಹಿಡಿಯುತ್ತಾಳೆ ಎಂದು ಜನ ಅಂದುಕೊಳ್ಳುತ್ತಾರೆ. ನಡೆದದ್ದು ಬೇರೆ.

ಅತ್ತೆ ಮಾಡಿದ ಮೊಟ್ಟಮೊದಲ ಸೈಟು ಅಪ್ಪನ ಡ್ರೈವಿಂಗ್ ಸ್ಕೂಲಿನದು. ಆಗ ಅವಳಿಗೆ ಹೊಸ ಹುರುಪು. ಒಂದು ಚೆಂದದ ವಿನ್ಯಾಸ ತೆಗೆದುಕೊಂಡಳು. ಅಡಿಯಲ್ಲಿದ್ದ ಹೆಸರನ್ನು ಅಳಿಸಿ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಂಡಳು. ಮೇಲ್ಗಡೆ ತಾನೇ ಮಾಡಿದ ಒಂದು ಪುಟ್ಟ ಕೆಂಪು ಕಾರು, ಅದು ಮಿಣಮಿಣ ಎನ್ನುತ್ತಿತ್ತು. ಮನೆಯಲ್ಲಿ ಎಲ್ಲರೂ ಶಹಬ್ಬಾಸ್ ಅಂದರು. ಎರಡು ತಿಂಗಳಾಗಿತ್ತೋ ಇಲ್ಲವೋ, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಅವರದು ನರ್ಸರಿ ಶಾಲೆ. ಕೂತ ತಕ್ಷಣ ಕೇಳಿದರು.

"ಆ ಡ್ರೈವಿಂಗ್ ಸ್ಕೂಲಿನ ಪುಟ ನೀವೇ ಮಾಡಿದ್ದಾ?"

"ಹ್ಞೂಂ."

"ಎಷ್ಟು ಚೆನ್ನಾಗಿ ಜಾಗ ಬಿಟ್ಟಿದೀರಿ ರೀ! ಕಣ್ಣಿಗೆ ತಂಪಾಗಿದೆ. ಎಡಗಡೆ ಕಮ್ಮಿ, ಬಲಗಡೆ ಜಾಸ್ತಿ. ಅದು ಹೇಗೆ ಹೊಳೀತು ನಿಮಗೆ?"

ಅತ್ತೆಗೆ ಉತ್ತರ ಗೊತ್ತಿರಲಿಲ್ಲ. ಅದು ಹೊಳೆದಿದ್ದು ಅವಳಿಗಲ್ಲ. ಆದರೂ, "ಸುಮ್ನೆ ಮಾಡ್ತಾ ಮಾಡ್ತಾ ಹೊಳೀತು" ಅಂದುಬಿಟ್ಟಳು. ಆ ಹೆಂಗಸು ಮೆಚ್ಚಿ ತಲೆಯಾಡಿಸಿದರು. ಅವರು ಇಳಿದು ಹೋದರು. ಅತ್ತೆ ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಮೈಮೇಲೆ ಬೇರೆಯವರ ಅಂಗಿ ಹಾಕಿಕೊಂಡು ಫೋಟೋ ತೆಗೆಸಿಕೊಂಡ ಹಾಗಾಗಿತ್ತು ಎಂದು ನನ್ನ ಹತ್ತಿರ ಹೇಳಿದಳು.

ಸಂಜೆಯೊಳಗೆ ತನ್ನ ಹೆಸರನ್ನು ಕಿತ್ತುಹಾಕಿದಳು. ಒಂದಕ್ಷರವೂ ಉಳಿಸಲಿಲ್ಲ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವವರಂತೆ, ಮೂಲ ವಿನ್ಯಾಸಕರ ಹೆಸರನ್ನು ಮಾತ್ರ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ ಅವರ ಇಮೇಲ್ ವಿಳಾಸವನ್ನೂ ಬರೆದಳು. "ಇದೆಲ್ಲ ಇವರದು" ಎಂದು ಕೆಳಗೆ ಸೇರಿಸಿದಳು. ಈಗ ಎದೆ ಹಗುರಾಯಿತು ಅಂದುಕೊಂಡಳು.

ಆಮೇಲೆ ಒಂದು ದಿನ ಆ ವಿನ್ಯಾಸಕರಿಂದ ಪತ್ರ ಬಂತು. ಅವರು ಎಲ್ಲೋ ದೂರದವರು, ನಮ್ಮ ಭಾಷೆ ಬಾರದು. ಕಂಪ್ಯೂಟರಿನಿಂದಲೇ ಅನುವಾದ ಮಾಡಿಸಿ ಕಳಿಸಿದ್ದರು. ಆ ಪತ್ರದ ಪ್ರತಿ ಅತ್ತೆಯ ಮೇಜಿನ ಗಾಜಿನಡಿ ಈಗಲೂ ಇದೆ, ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

"ನಮಸ್ಕಾರ. ನನಗೆ ಕಾರು ಓಡಿಸಲು ಬರುವುದಿಲ್ಲ. ಕಳೆದ ತಿಂಗಳಿಂದ ಹತ್ತೊಂಬತ್ತು ಜನ ನನ್ನಲ್ಲಿ ಕ್ಲಾಸಿನ ಸಮಯ ಕೇಳಿದ್ದಾರೆ. ಒಬ್ಬರು ಹಿಂದಿನ ಸೀಟಿನಲ್ಲಿ ನೀಲಿ ಕೊಡೆ ಬಿಟ್ಟಿದ್ದಾರಂತೆ. ಅದು ನನ್ನ ಬಳಿ ಇಲ್ಲ. ಕ್ಲಚ್ ವಿಷಯಕ್ಕೆ ನಾನು ಬಹಳ ಬಯ್ಯುತ್ತೇನೆಂದು ಒಬ್ಬರು ದೂರಿದ್ದಾರೆ. ನಾನು ಯಾರಿಗೂ ಬಯ್ಯುವವನಲ್ಲ. ಹೆಸರು ಹಾಕಿದ್ದಕ್ಕೆ ಸಂತೋಷ. ಆದರೆ ಮೇಲೆ ಮಿಣುಕುವ ಕೆಂಪು ಕಾರನ್ನು ನಾನು ಮಾಡಲಿಲ್ಲ. ನೋಡಿದವರು ಅದೂ ನನ್ನದೆಂದು ತಿಳಿಯುತ್ತಾರೆ. ದಯವಿಟ್ಟು ಅದನ್ನು ಮಾಡಿದವರ ಹೆಸರನ್ನೂ ಹಾಕಿ."

ಮನೆಯಲ್ಲಿ ಇದನ್ನು ಓದಿದಾಗ ಅಮ್ಮ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅಪ್ಪನಿಗೆ ಮಾತ್ರ ಸಿಟ್ಟು. "ಕ್ಲಚ್ ವಿಷಯಕ್ಕೆ ಬೈತೀನಂತೆ! ಯಾರದು ದೂರು ಕೊಟ್ಟಿದ್ದು?" ಅಂದಿನಿಂದ ಆ ಮಹಾನುಭಾವರಿಗೆ ನಮ್ಮ ಮನೆಯಲ್ಲಿ "ಕೊಡೆಯಣ್ಣ" ಎಂದೇ ಹೆಸರು.

ಅತ್ತೆ ನಗಲಿಲ್ಲ. ಪತ್ರವನ್ನು ಮೂರು ಸಲ ಓದಿದಳು. ಮೊದಲು ಅವರ ಕೆಲಸವನ್ನು ತನ್ನದೆಂದು ಹೇಳಿ ಸುಳ್ಳು ಹೇಳಿದ್ದಳು. ಆಮೇಲೆ ತನ್ನ ಕೆಲಸವನ್ನು, ಅದೂ ಕೆಟ್ಟದಾಗಿದ್ದದ್ದನ್ನು, ಅವರ ತಲೆಗೆ ಕಟ್ಟಿ ಇನ್ನೊಂದು ಸುಳ್ಳು ಹೇಳಿದ್ದಳು. ಎರಡನೆಯದಕ್ಕೆ ವಿನಯ ಎಂದು ಹೆಸರಿಟ್ಟುಕೊಂಡಿದ್ದಳು, ಅಷ್ಟೇ ವ್ಯತ್ಯಾಸ. ಅವತ್ತಿನಿಂದ ಎರಡು ಸಾಲು ಶುರುವಾಯಿತು. ಒಂದು ದಪ್ಪ ಪುಸ್ತಕವೂ ಬಂತು. ಯಾವ ವಿನ್ಯಾಸ, ಯಾರದು, ಎಲ್ಲಿಂದ ತಂದದ್ದು, ಅವರ ಷರತ್ತೇನು, ತಾನು ಎಲ್ಲೆಲ್ಲಿ ಕೈಯಾಡಿಸಿದೆ ಎಂಬುದೆಲ್ಲ ಅದರಲ್ಲಿದೆ. ನರ್ಸರಿ ಶಾಲೆಯ ಹೆಂಗಸಿಗೂ ಹೋಗಿ ನಿಜ ಹೇಳಿಬಂದಳು. ಅವರು, "ಅಯ್ಯೋ, ಇಷ್ಟೇನಾ?" ಅಂದರಂತೆ. ಹಾಗಂದದ್ದು ಅತ್ತೆಗೆ ಸಮಾಧಾನವನ್ನೇನೂ ಕೊಡಲಿಲ್ಲ.

ಹೀಗೆ ಐದು ವರ್ಷ ನಡೆಯಿತು. ಚಿಕ್ಕಚಿಕ್ಕ ಕೆಲಸ ಬರುತ್ತಿತ್ತು, ದೊಡ್ಡದು ಬರುತ್ತಿರಲಿಲ್ಲ. ಮಹಡಿಯ ಕೋಣೆ ಇರುವುದು ಅಪ್ಪನ ಹೆಸರಿನಲ್ಲಿ. ಹೋದ ವರ್ಷ ಅಪ್ಪ ಊಟಕ್ಕೆ ಕೂತಾಗ ಮಾತು ತೆಗೆದ.

"ಅಕ್ಕಾ, ಇನ್ನೊಂದು ವರ್ಷ ನೋಡು. ಅಷ್ಟರಲ್ಲಿ ಏನಾದ್ರೂ ದೊಡ್ಡ ಕೆಲಸ ಬಂದ್ರೆ ಸರಿ. ಇಲ್ಲಾಂದ್ರೆ ಆ ಬಾಗಿಲು ಹಾಕಿ ನಮ್ಮ ಸ್ಕೂಲಿನ ಫೋನಿಗೆ ಬಂದು ಕೂರು. ಅಲ್ಲೂ ಕುರ್ಚಿ ಇದೆ, ಫ್ಯಾನ್ ಇದೆ."

"ಅಲ್ಲಿ ಕಿಟಕಿ ಇಲ್ಲ" ಅಂದಳು ಅತ್ತೆ. ಬೇರೇನೂ ಅನ್ನಲಿಲ್ಲ. ಆದರೆ ಆ ಕೋಣೆ ಹೋದರೆ ಅವಳಿಗೆ ತನ್ನದೆನ್ನುವ ಜಾಗ ಭೂಮಿಯ ಮೇಲೆ ಮತ್ತೊಂದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮನೆಯಲ್ಲಿ ಅವಳು ಮಲಗುವುದು ನನ್ನ ಪಕ್ಕದ ಮಂಚದಲ್ಲಿ, ಅವಳ ಬಟ್ಟೆ ಇರುವುದು ಅಮ್ಮನ ಬೀರುವಿನ ಕೆಳಗಿನ ಅರೆಯಲ್ಲಿ.

ವರ್ಷ ಮುಗಿಯಲು ಎರಡು ತಿಂಗಳಿದೆ ಅನ್ನುವಾಗ ವರ್ತಕರ ಸಂಘದಿಂದ ಕರೆ ಬಂತು. ನೂರನಲವತ್ತು ಅಂಗಡಿಗಳ ಸಂಘ. ಎಲ್ಲ ಅಂಗಡಿಗಳೂ ಇರುವ ಒಂದು ಸೈಟು ಬೇಕು, ಆಮೇಲೆ ಅದನ್ನು ವರ್ಷವಿಡೀ ನೋಡಿಕೊಳ್ಳುವ ಕೆಲಸವೂ ನಿಮ್ಮದೇ ಅಂದರು. ಅತ್ತೆ ಕೊಡೆಯಣ್ಣನದೇ ಒಂದು ವಿನ್ಯಾಸ ತೆಗೆದುಕೊಂಡು ಕೂತಳು. ಬೀದಿ ಬೀದಿ ಸುತ್ತಿ ಯಾವ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಬರೆದುಕೊಂಡಳು. ಫೋನಿನಲ್ಲಿ ನೋಡಿದರೆ ಉದ್ದದ ಪಟ್ಟಿ ಬೀದಿಗೊಂದರಂತೆ ಮಡಚಿಕೊಳ್ಳುವ ಹಾಗೆ ಮಾಡಿದಳು. ಅದೊಂದಕ್ಕೇ ಹನ್ನೆರಡು ದಿನ ಹಿಡಿಯಿತು. ಮಡಚಿದ್ದನ್ನೂ ಬಿಡಿಸಿದ್ದನ್ನೂ ನಮಗೆಲ್ಲ ತೋರಿಸಿ ತೋರಿಸಿ, ಕೊನೆಗೆ ಅಮ್ಮ, "ಸಾಕು ಅತ್ತಿಗೇ, ನಂಗೆ ಕನಸಲ್ಲೂ ಮಡಚ್ಕೊಳ್ತಿದೆ" ಅಂದಳು.

ಭಾನುವಾರ ಸಂಜೆ ನಾಲ್ಕಕ್ಕೆ ಸಂಘದ ಹಾಲ್‌ನಲ್ಲಿ ಸಭೆ. ಮಡಚುವ ಕುರ್ಚಿಗಳಲ್ಲಿ ಮೂವತ್ತು ಮೂವತ್ತೈದು ಜನ. ಅಪ್ಪನೂ ಸದಸ್ಯನಾದ್ದರಿಂದ ಎರಡನೇ ಸಾಲಿನಲ್ಲಿದ್ದ. ಅತ್ತೆ ಗೋಡೆಯ ಮೇಲೆ ಸೈಟನ್ನು ದೊಡ್ಡದಾಗಿ ತೋರಿಸಿದಳು. ಪ್ರತಿಯೊಬ್ಬರೂ ತಮ್ಮ ಅಂಗಡಿಯ ಹೆಸರು ಬಂದಾಗ ಪಕ್ಕದವರನ್ನು ತಿವಿದು ತೋರಿಸಿದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಧ್ಯಕ್ಷರು ಎದ್ದು ಚಪ್ಪಾಳೆ ಹೊಡೆಸಿದರು. ಪೈಪು ನಲ್ಲಿಗಳ ದೊಡ್ಡ ಅಂಗಡಿ ಅವರದು, ದನಿಯೂ ದೊಡ್ಡದು.

"ಬಹಳ ಚೆನ್ನಾಗಿದೆ ಅಮ್ಮ. ಒಂದೇ ಒಂದು ಸಣ್ಣ ವಿಷಯ. ಕೆಳಗಡೆ ಅದೇನೋ ಎರಡು ಸಾಲು ಇದೆಯಲ್ಲ, ಯಾರೋ ಹೊರಗಿನವನ ಹೆಸರು. ಅದನ್ನ ತೆಗೆದುಬಿಡಿ. ಅಲ್ಲಿ 'ವಿನ್ಯಾಸ' ಅಂತ ಹಾಕಿ ನಮ್ಮ ಅಳಿಯಂದಿರ ಹೆಸರು ಬರೀರಿ."

ಅಳಿಯ ಹಿಂದಿನ ಸಾಲಿನಲ್ಲಿದ್ದ. ತಲೆ ತಗ್ಗಿಸಿ ಫೋನು ನೋಡತೊಡಗಿದ.

"ಅವರು ಇದರಲ್ಲಿ ಏನು ಮಾಡಿದಾರೆ ಸರ್?" ಅತ್ತೆ ಕೇಳಿದಳು.

"ಮಾಡೋದೇನು, ಮುಂದಿನ ಸಲ ಸಂಘದ ಕಾರ್ಯದರ್ಶಿ ಆಗೋರು. ಹೆಸರು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ."

"ಕಾರ್ಯದರ್ಶಿ ಅಂತ ಹಾಕೋಣ, ಆದಮೇಲೆ. ವಿನ್ಯಾಸ ಅಂತ ಹಾಕಕ್ಕಾಗಲ್ಲ. ಅದು ಬೇರೆಯವರದು. ಅವರು ಇಟ್ಟಿರೋ ಷರತ್ತು ಅದೊಂದೇ."

"ಅವನೇನು ಇಲ್ಲಿಗೆ ಬಂದು ನೋಡ್ತಾನೇನ್ರೀ?"

"ಬರಲ್ಲ ಸರ್. ಅದಕ್ಕೇ ನಾನು ನೋಡ್ಕೋಬೇಕು."

ಸಭೆಯಲ್ಲಿ ಕಿಸಕ್ಕೆಂದ ನಗು. ಅಧ್ಯಕ್ಷರ ಮುಖ ಸ್ವಲ್ಪ ಗಂಟಾಯಿತು. ಆಗ ಗಡಿಯಾರದ ಅಂಗಡಿಯವರು, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಕೈಯೆತ್ತಿ ಒಂದು ಉಪಾಯ ಹೇಳಿದರು.

"ಅಮ್ಮಾ, ಬಿಳೀ ಜಾಗದ ಮೇಲೆ ಬಿಳೀ ಅಕ್ಷರದಲ್ಲಿ ಬರ್ದುಬಿಡಿ. ನಮ್ಮ ಮಗ ಹೇಳ್ತಿದ್ದ, ಎಲ್ಲಾ ಹಂಗೇ ಮಾಡ್ತಾರಂತೆ. ಇದ್ದಂಗೂ ಇರುತ್ತೆ, ಕಾಣದಂಗೂ ಇರುತ್ತೆ. ಅವರಿಗೂ ಸಮಾಧಾನ, ಇವರಿಗೂ ಸಮಾಧಾನ."

ಅತ್ತೆ ಅವರ ಕಡೆ ತಿರುಗಿದಳು. "ನಿಮ್ಮ ಅಂಗಡಿ ಬೋರ್ಡನ್ನೂ ಹಂಗೇ ಬರೆಸ್ಕೊಡ್ಲಾ ಅಣ್ಣಾ?"

ಈ ಸಲ ನಗು ಗಟ್ಟಿಯಾಗಿಯೇ ಬಂತು. ಹಾಸಿಗೆ ಅಂಗಡಿಯ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡರಂತೆ. ಗಡಿಯಾರದವರೂ ನಕ್ಕುಬಿಟ್ಟರು. ಅಪ್ಪ ಮಾತ್ರ ಕುರ್ಚಿಯಲ್ಲಿ ಮುಳ್ಳಿದ್ದಂತೆ ಮಿಸುಕಾಡಿ, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾ, ಬಿಟ್ಬಿಡೇ. ಒಂದು ಸಾಲಿಗೆ ಯಾಕೆ?" ಅಂದ.

"ನೀನು ಸುಮ್ನಿರೋ" ಅಂದಳು ಅತ್ತೆ.

ಅಧ್ಯಕ್ಷರು ಕೈ ಬೀಸಿ ನಗುವನ್ನು ನಿಲ್ಲಿಸಿದರು. "ನೋಡಮ್ಮ, ಆ ಮನುಷ್ಯನಿಗೇ ಬರೆದು ಕೇಳಿ. ಅವನೇ ಬಿಡು ಅಂದ್ರೆ?"

"ಅವರು ಬೇಡ ಅಂದ್ರೆ ಅವರ ಹೆಸರು ತೆಗೀತೀನಿ. ಆಗಲೂ ನಿಮ್ಮ ಅಳಿಯಂದಿರ ಹೆಸರು ಹಾಕಲ್ಲ."

ಅತ್ತೆಗೆ ಆ ಹೊತ್ತಿನಲ್ಲಿ ಒಂದು ಆಸೆ ಬಂತಂತೆ. ಹಿಂದಿನ ಸಾಲಿನ ಅಳಿಯನನ್ನು ಹೆಸರು ಹಿಡಿದು ಎಬ್ಬಿಸಬೇಕು. ಆ ಪಟ್ಟಿ ಯಾಕೆ ಮಡಚಿಕೊಳ್ಳುತ್ತದೆ, ಎಡಗಡೆ ಯಾಕೆ ಕಡಿಮೆ ಜಾಗ, ಹೇಳಿ ನೋಡೋಣ ಎಂದು ಎಲ್ಲರ ಮುಂದೆ ಕೇಳಬೇಕು. ಬಾಯಿಯ ತುದಿಗೆ ಬಂದಿತ್ತು. ಅವನು ತಲೆಯೆತ್ತಿ ಒಂದು ಸಲ ನೋಡಿದ. ಕಿವಿ ಎರಡೂ ಕೆಂಪಾಗಿದ್ದವು. ಆ ಪ್ರಶ್ನೆಗೆ ಉತ್ತರವಿಲ್ಲದೆ ಕೂರುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಹಾಲ್‌ನಲ್ಲಿ ಯಾರಿದ್ದರು? ಅವನನ್ನು ಬಿಟ್ಟಳು. ತನ್ನ ಕಥೆಯನ್ನೇ ಹೇಳಿದಳು.

"ಆರು ವರ್ಷದ ಹಿಂದೆ ನಾನೇ ಈ ಕೆಲಸ ಮಾಡಿದೀನಿ. ಇದೇ ಮನುಷ್ಯನ ಹೆಸರು ಅಳಿಸಿ ನನ್ನ ಹೆಸರು ಹಾಕ್ಕೊಂಡಿದ್ದೆ, ನಮ್ಮ ತಮ್ಮನ ಸ್ಕೂಲಿನ ಪುಟದಲ್ಲಿ. ಎರಡು ತಿಂಗಳು. ಒಬ್ಬರು ಬಂದು ಹೊಗಳಿದ್ರು, ನಾನು ತಗೊಂಡೆ. ಆ ಹೊಗಳಿಕೆ ಇವತ್ತಿನವರೆಗೂ ಗಂಟಲಲ್ಲಿದೆ."

ಅಧ್ಯಕ್ಷರು ಮೀಸೆಯಡಿಯಲ್ಲೇ ನಕ್ಕರು. ಸಿಕ್ಕಿಬಿದ್ದಳು ಅಂದುಕೊಂಡಿರಬೇಕು.

"ಅಂದ್ರೆ ನೀವೂ ಕಳ್ಳತನ ಮಾಡಿದೋರೇ ಅಂತಾಯ್ತು."

"ಹೌದು ಸರ್, ಮಾಡಿದೋಳು. ರುಚಿ ಗೊತ್ತು. ಅದಕ್ಕೇ ಇನ್ನೊಂದು ಸಲ ಬೇಡ ಅಂತಿದೀನಿ."

"ಹಾಗಾದ್ರೆ ಈ ಕೆಲಸವೂ ಬೇಡ ಅಂತ ತಿಳ್ಕೊಳ್ಳೋಣವಾ?"

ಇಲ್ಲಿ ಅತ್ತೆ ಎಷ್ಟು ಹೊತ್ತು ಸುಮ್ಮನಿದ್ದಳು ಎಂಬುದರಲ್ಲಿ ಮೂವರ ಮಾತೂ ಕೂಡುವುದಿಲ್ಲ. ಅಪ್ಪ ಒಂದು ನಿಮಿಷ ಅನ್ನುತ್ತಾನೆ. ಆಂಟಿ, ಉಸಿರೆಳೆದು ಬಿಡುವಷ್ಟು ಅನ್ನುತ್ತಾರೆ. ಅತ್ತೆ, ತಾನು ಸುಮ್ಮನಿರಲೇ ಇಲ್ಲ ಅನ್ನುತ್ತಾಳೆ. ಆದರೆ ಆ ಹೊತ್ತಿಗೆ ತನಗೆ ಕಿಟಕಿ ನೆನಪಾಯಿತು ಎಂದು ಅವಳೇ ಒಪ್ಪಿಕೊಂಡಿದ್ದಾಳೆ.

"ಕೆಲಸ ಬೇಕು ಸರ್. ಬೇಕೇ ಬೇಕು. ನಂಗೆ ಎಷ್ಟು ಬೇಕು ಅಂತ ನಮ್ಮ ತಮ್ಮನ್ನ ಕೇಳಿ. ಆದ್ರೆ ಸಾಲು ತೆಗೆಯೋದಾದ್ರೆ ಇಡೀ ಪುಟ ತೆಗೀತೀನಿ. ಅರ್ಧ ತೆಗೆಯೋದು ನಂಗೆ ಬರಲ್ಲ."

ಅಧ್ಯಕ್ಷರು ಕೈ ಎತ್ತಿಸಿದರು. ಸಾಲು ತೆಗೆಯಬೇಕು ಅನ್ನುವವರು ಹತ್ತೊಂಬತ್ತು. ಇರಲಿ ಅನ್ನುವವರು ಐದು, ಅದರಲ್ಲಿ ಆಂಟಿಯೂ ಗಡಿಯಾರದವರೂ ಇದ್ದರು. ಮಿಕ್ಕವರು ಕೈ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ.

ಅತ್ತೆ ಎಲ್ಲರೆದುರಿಗೇ ಕೂತು, ಪರೀಕ್ಷೆಗೆಂದು ಹಾಕಿದ್ದ ಪುಟವನ್ನು ಇಂಟರ್‌ನೆಟ್ಟಿನಿಂದ ತೆಗೆದುಹಾಕಿದಳು. ಗೋಡೆಯ ಮೇಲಿದ್ದ ನೂರನಲವತ್ತು ಅಂಗಡಿಗಳು ಹೋಗಿ ಬರೀ ಬೆಳಕು ಉಳಿಯಿತು. ಅಂಗಡಿಗಳ ಹೊತ್ತು ಬರೆದಿದ್ದ ಕಾಗದಗಳನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು. "ಈ ವಿವರ ನಿಮ್ಮೆಲ್ಲರದು. ಮುಂದೆ ಮಾಡೋರಿಗೆ ಕೊಡಿ. ಸುತ್ತಿ ಬರ್ಕೊಂಡಿದ್ದು ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳಿ, ಕೇಳದಿದ್ರೂ ಹೇಳಿ" ಅಂದು, ವೈರು ಸುತ್ತಿಕೊಂಡು ಹೊರಟಳು.

ಕೆಳಗೆ ಅಪ್ಪನ ತರಬೇತಿ ಕಾರು ನಿಂತಿತ್ತು, ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುವಂಥದ್ದು. ಅತ್ತೆ ಆ ಕಡೆ ಕೂತಳು. ಅಪ್ಪ ಗಾಡಿ ಶುರುಮಾಡದೆ ಸ್ಟಿಯರಿಂಗ್ ಹಿಡಿದು ಕೂತ.

"ಕೈಗೆ ಬಂದ ತುತ್ತು, ಅಕ್ಕಾ. ನಿನ್ನ ಕೈಯಾರೆ ನೀನೇ ಚೆಲ್ಲಿದೆ."

"ನೀನು ಕೈ ಎತ್ತಲಿಲ್ಲ."

"ಯಾವ ಕಡೆಗೆ ಎತ್ತಲಿ? ನಾಳೆ ಅವರ ಮುಖ ನೋಡ್ಬೇಕು ನಾನು."

"ನನ್ನ ಮುಖವನ್ನೂ ನೋಡ್ಬೇಕಲ್ಲೋ."

ಅತ್ತೆ ಆಗ ಅತ್ತಳು ಎಂದು ಅಪ್ಪ ಹೇಳುತ್ತಾನೆ. ಅತ್ತದ್ದು ಅಪ್ಪನೇ ಎಂದು ಅತ್ತೆ ಹೇಳುತ್ತಾಳೆ. ಎರಡನ್ನೂ ಬರೆದಿದ್ದೇನೆ.

"ಹಾಗಾದ್ರೆ ತಿಂಗಳ ಕೊನೆಗೆ ಬಾಗಿಲು ಹಾಕ್ತೀಯಾ?" ಅಪ್ಪ ಕೇಳಿದ.

"ಹಾಕಲ್ಲ."

"ಮಾತು ಕೊಟ್ಟಿದ್ದೆ ನೀನು."

"ನಾನೆಲ್ಲಿ ಕೊಟ್ಟೆ? ಅಲ್ಲಿ ಕಿಟಕಿ ಇಲ್ಲ ಅಂದೆ, ಅಷ್ಟೇ. ವರ್ಷ ಮುಗಿಯೋಕೆ ಇನ್ನೂ ಹನ್ನೊಂದು ದಿನ ಇದೆ. ಕೈ ಎತ್ತದೆ ಕೂತಿದ್ರಲ್ಲ, ಅವರೆಲ್ಲ ಒಬ್ಬೊಬ್ಬರೇ ಸಿಕ್ಕಿದ್ರೆ ಏನಂತಾರೆ ಅಂತ ನಂಗೆ ನೋಡ್ಬೇಕು. ಸಂಘಕ್ಕೆ ಬೇಡದಿದ್ರೆ ಬೇಡ. ಅಂಗಡಿ ಅಂಗಡಿಗೆ ಹೋಗ್ತೀನಿ."

"ನೂರನಲವತ್ತು ಅಂಗಡೀನಾ?"

"ನಿಂದು ಆಗಿದೆ. ನೂರ ಮೂವತ್ತೊಂಬತ್ತು."

ಅಪ್ಪ ಗಾಡಿ ಶುರುಮಾಡಿದ. ಕೋಣೆಯ ವಿಷಯದಲ್ಲಿ ಅಪ್ಪ ಆಮೇಲೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಆ ಹನ್ನೊಂದು ದಿನದಲ್ಲಿ ಏನಾಗುತ್ತದೋ ನನಗೂ ಗೊತ್ತಿಲ್ಲ. ಇದೆಲ್ಲ ನಡೆದದ್ದು ಮೊನ್ನೆ. ನಿನ್ನೆ ಇಡೀ ದಿನ ಅತ್ತೆ ಕೋಣೆಯಲ್ಲಿ ಕೂತು ಖಾಲಿ ಪುಟವೊಂದನ್ನು ತಯಾರು ಮಾಡಿದಳು. ಅಂಗಡಿಯವರಿಗೆ ತೋರಿಸುವಾಗ ಅದು ಮೇಲಿನಿಂದಲ್ಲ, ಅಡಿಯಿಂದ ತೆರೆದುಕೊಳ್ಳುತ್ತದೆ. ಮೊದಲು ಕಾಣುವುದೇ ಆ ಎರಡು ಸಾಲು. ಅದಕ್ಕೆ ಒಪ್ಪಿದವರಿಗೆ ಮಾತ್ರ ಮಿಕ್ಕದ್ದು.

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಅತ್ತೆ ಮುಖ್ಯರಸ್ತೆಯ ಎಡಬದಿಯ ಮೊದಲನೇ ಅಂಗಡಿಗೆ ಹೋಗುತ್ತಾಳೆ. ಅದು ಅಧ್ಯಕ್ಷರ ಪೈಪಿನ ಅಂಗಡಿ.